ಬರಹಗಾರರಿಗೆ ಸಲಹೆ: ಕಿತ್ತಳೆ ಕಲ್ಲುಹೂಗಳ ಲೇಖನದ ಕುರಿತು

ಮಾನ್ಯರೇ,

ಟೆಲೋಸ್ಕಿಸ್ಟೇಸಿ ಎಂಬ ಕಲ್ಲುಹೂ ಕುಟುಂಬದ ವೈವಿಧ್ಯವನ್ನು ಕುರಿತ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಮೊದಲ ಪುಟಗಳಲ್ಲಿ ಕುಲ, ಪ್ರಭೇದಗಳ ಹೆಸರುಗಳನ್ನು ಒಂದರ ಬೆನ್ನಿಗೊಂದು ಪೇರಿಸಿದ್ದೀರಿ. ಹೆಸರುಗಳು ಹೆಚ್ಚಿದಷ್ಟೂ ವೈವಿಧ್ಯ ಕಣ್ಣಿಗೆ ಕಾಣದಾಗಿದೆ.

ಅದನ್ನು ಕಾಣಿಸುವ ದಾರಿ ನೀವು ನಡುವೆ ಒಂದೇ ವಾಕ್ಯದಲ್ಲಿ ಹೇಳಿ ಬಿಟ್ಟ ಪ್ಯಾರಿಯೆಟಿನ್ ಎಂಬ ವರ್ಣದ್ರವ್ಯದಲ್ಲಿದೆ. ಕಲ್ಲುಹೂವೆಂದರೆ ಶಿಲೀಂಧ್ರ ಮತ್ತು ಪಾಚಿಯ ಕೂಡುಬಾಳು; ಅದರಲ್ಲಿ ಶಿಲೀಂಧ್ರವು ತಯಾರಿಸುವ ಈ ಕಿತ್ತಳೆ ಬಣ್ಣ ಮೇಲ್ಪದರದಲ್ಲಿ ಸಣ್ಣ ಹರಳುಗಳಾಗಿ ನಿಂತು, ತೀಕ್ಷ್ಣವಾದ ನೀಲಿ ಬೆಳಕನ್ನು ಹೀರಿಕೊಂಡು, ಕೆಳಗಿರುವ ಪಾಚಿಯನ್ನು ಕಾಯುತ್ತದೆ. ಈ ಕುಟುಂಬದ ಕ್ಸಾಂತೋರಿಯಾ ಪ್ಯಾರಿಯೆಟಿನಾ ಎಂಬ ಪ್ರಭೇದ ಬಿಸಿಲಿನಲ್ಲಿ ಕಡು ಕಿತ್ತಳೆಯಾಗಿಯೂ ನೆರಳಿನಲ್ಲಿ ಹಸಿರು ಬೆರೆತ ಬೂದು ಬಣ್ಣದ್ದಾಗಿಯೂ ಕಾಣುವುದು ಇದರಿಂದಲೇ. ಅದರ ಕಿತ್ತಳೆ ಭಾಗಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಬಿದ್ದರೆ ಆ ಜಾಗ ಕೂಡಲೇ ನೇರಳೆಗೆಂಪಿಗೆ ತಿರುಗುತ್ತದೆ. ಇಷ್ಟು ಸೊಗಸಾದ ಸಂಗತಿಯನ್ನು ‘ರಾಸಾಯನಿಕ ಪರೀಕ್ಷೆಗೆ ಸ್ಪಂದಿಸುತ್ತದೆ’ ಎಂದು ಮೂರೇ ಪದಗಳಲ್ಲಿ ಮುಗಿಸಿದ್ದೀರಿ! ಈ ಬಣ್ಣವನ್ನೇ ಹಿಡಿದುಕೊಂಡು ಹೊರಟರೆ, ಬಂಡೆಗೆ ಹೊಪ್ಪಳೆಯಂತೆ ಅಂಟಿದ ಕ್ಯಾಲೋಪ್ಲಾಕಾ, ಎಲೆಯಾಕಾರದ ಕ್ಸಾಂತೋರಿಯಾ, ಪುಟ್ಟ ಪೊದೆಯಾಗಿ ಕವಲೊಡೆಯುವ ಟೆಲೋಸ್ಕಿಸ್ಟಿಸ್ ಮೂರೂ ಒಂದೇ ಕುಟುಂಬದವೆಂಬುದು ಓದುಗರಿಗೆ ತಾನಾಗಿ ಅಚ್ಚರಿ ತರುತ್ತದೆ.

ಆದರೆ ‘ಕಿತ್ತಳೆ ಬಣ್ಣದ್ದೆಲ್ಲ ಈ ಕುಟುಂಬದ್ದೇ’ ಎಂಬ ವಾಕ್ಯವನ್ನು ತೆಗೆಯಿರಿ. ಮರದ ತೊಗಟೆಯ ಮೇಲಿನ ಕಿತ್ತಳೆ ಲೇಪ ಎಷ್ಟೋ ಸಲ ಟ್ರೆಂಟಿಪೋಲಿಯಾ ಎಂಬ ಬರಿಯ ಪಾಚಿಯಾಗಿರುತ್ತದೆ.

ಶಿಲೀಂಧ್ರ ಮತ್ತು ಪಾಚಿಯನ್ನು ‘ಎಂದೂ ಅಗಲದ ದಂಪತಿ’ ಎಂದಿದ್ದೀರಿ. ಇದು ಸವೆದ ಮಾತು, ಅದಕ್ಕಿಂತ ಮುಖ್ಯವಾಗಿ ತಪ್ಪು ಮಾತು. ಕ್ಸಾಂತೋರಿಯಾ ಪ್ಯಾರಿಯೆಟಿನಾದ ಶಿಲೀಂಧ್ರದ ಬೀಜಕಣ ಒಂಟಿಯಾಗಿಯೇ ಹಾರಿಹೋಗುತ್ತದೆ, ಬಿದ್ದ ಕಡೆ ತನಗೊಪ್ಪುವ ಟ್ರೆಬೌಕ್ಸಿಯಾ ಪಾಚಿಯನ್ನು ಹೊಸದಾಗಿ ಹುಡುಕಿಕೊಳ್ಳಬೇಕಾಗುತ್ತದೆ. ಆದರೆ ಈ ಕಲ್ಲುಹೂವನ್ನು ಮೇಯುವ ಸೂಕ್ಷ್ಮ ನುಸಿಗಳ ಹಿಕ್ಕೆಯಲ್ಲಿ ಬೀಜಕಣ, ಪಾಚಿ ಎರಡೂ ಜೀವಂತವಾಗಿ ಒಟ್ಟಿಗೆ ಸಿಕ್ಕಿವೆ. ನಿಮ್ಮ ಲೇಖನದಲ್ಲಿ ಇರಲೇಬೇಕಾಗಿದ್ದ ಕಥೆ ಇದು.

2008ರಲ್ಲಿ ಅಂತರಿಕ್ಷ ನಿಲ್ದಾಣದ ಹೊರಮೈಯಲ್ಲಿ ಇರಿಸಿದ ಕ್ಸಾಂತೋರಿಯಾ ಎಲಿಗನ್ಸ್ ಅಲ್ಲಿ ‘ಬೆಳೆಯಿತು’ ಎಂಬುದೂ ಸರಿಯಲ್ಲ. ಒಣಗಿದ ಸ್ಥಿತಿಯಲ್ಲಿ ಸುಮಾರು ಒಂದೂವರೆ ವರ್ಷ ತಾಳಿಕೊಂಡು, ಮರಳಿದ ಮೇಲೆ ದ್ಯುತಿಸಂಶ್ಲೇಷಣೆಯನ್ನು ಪುನರಾರಂಭಿಸಿತು ಎಂದು ಬರೆಯಿರಿ. ಕಲ್ಲುಹೂವನ್ನು ಎಲ್ಲಿಯೂ ‘ಸಸ್ಯ’ ಎನ್ನಬೇಡಿ.

ತಿದ್ದಿದ ಪ್ರತಿ ಅರ್ಧಕ್ಕಿಳಿದರೂ ಅಡ್ಡಿಯಿಲ್ಲ. ಒಂದೇ ಪ್ರಭೇದದ ಬಿಸಿಲಿನ ಮತ್ತು ನೆರಳಿನ ಚಿತ್ರಗಳನ್ನು ಜೊತೆಗಿಟ್ಟು ಕಳುಹಿಸಿದರೆ ಮತ್ತೆ ಪರಿಶೀಲಿಸುತ್ತೇನೆ.

ಸಂಪಾದಕ