ದುಶ್ಶಾಸನ ಸೀನಿದಾಗ

ಕಳೆದ ಸಂಚಿಕೆಯಲ್ಲಿ ‘ಬ್ರೈಡ್ ಆಫ್ ರೀ-ಆನಿಮೇಟರ್’ ಎಂಬ ಹಳೆಯ ಅಮೆರಿಕನ್ ಚಿತ್ರದ ಬಗ್ಗೆ ನಾಲ್ಕು ಪುಟಗಳ ಲೇಖನ ಪ್ರಕಟಿಸಿದ್ದೆವು. ಅದನ್ನು ಓದಿದ ರಾಜಾಜಿನಗರದ ನಿವೃತ್ತ ಮೇಷ್ಟ್ರೊಬ್ಬರು ಇನ್‌ಲ್ಯಾಂಡ್ ಪತ್ರದ ಅಂಚೂ ಉಳಿಯದಂತೆ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: “ಹೆಣಗಳ ತುಂಡು ಜೋಡಿಸಿ ಹೆಣ್ಣು ಮಾಡುವ ಮೂರು ಕಾಸಿನ ಚಿತ್ರ, ಅದರಲ್ಲೂ ಎರಡನೆಯ ಭಾಗ. ಅದಕ್ಕೆ ನಾಲ್ಕು ಪುಟವೇ? ಸಾವು ನಗುವ ವಿಷಯವೇ? ನಮ್ಮ ಸಂಸ್ಕೃತಿಯಲ್ಲಿ ಇಂಥದ್ದಕ್ಕೆ ಜಾಗವಿಲ್ಲ. ಕಳೆದ ಮಾಘದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ನಿಮ್ಮ ಪತ್ರಿಕೆ ಈಗಲೂ ಅವಳ ಹೆಸರಿಗೇ ಬರುತ್ತದೆ. ಇನ್ನು ಬೇಡ.” ಕೊನೆಯಲ್ಲಿ ಒಂದು ಷರಾ: “ಮೊದಲ ಭಾಗದ ನಿರ್ದೇಶಕರು ಬೇರೆ. ತಪ್ಪು ಬರೆದಿದ್ದೀರಿ.”

ಮೇಷ್ಟ್ರೇ, ಷರಾದಿಂದಲೇ ಶುರು ಮಾಡುತ್ತೇನೆ, ಅಲ್ಲಿ ನನಗೆ ವಾದಕ್ಕೆ ಎಡೆಯೇ ಇಲ್ಲ. 1985ರ ಮೊದಲ ಚಿತ್ರ ಸ್ಟುವರ್ಟ್ ಗಾರ್ಡನ್ ಅವರದು. 1990ರ ಎರಡನೆಯದನ್ನು ನಿರ್ದೇಶಿಸಿದವರು ಬ್ರಯಾನ್ ಯುಜ್ನಾ, ಮೊದಲ ಚಿತ್ರಕ್ಕೆ ನಿರ್ಮಾಪಕರಾಗಿದ್ದವರು. ಎರಡನ್ನೂ ಒಬ್ಬರ ತಲೆಗೆ ಕಟ್ಟಿದ್ದು ನಮ್ಮ ತಪ್ಪು. ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ಇಂಥ ಚಿತ್ರಗಳ ಗಾಳಿಯೇ ಸೋಕಬಾರದು ಎನ್ನುವ ತಮಗೆ ಅದರ ನಿರ್ದೇಶಕರ ಹೆಸರು ಹೇಗೆ ಗೊತ್ತಾಯಿತು ಎಂದು ಕೇಳುವ ಚಪಲವನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.

ಲೇಖನ ಓದಿರದವರಿಗಾಗಿ ಕಥೆಯನ್ನು ಹೇಳಿಬಿಡುತ್ತೇನೆ. ಹರ್ಬರ್ಟ್ ವೆಸ್ಟ್ ಎಂಬ ವೈದ್ಯ ಹಸಿರಾಗಿ ಹೊಳೆಯುವ ಒಂದು ದ್ರವ ಕಂಡುಹಿಡಿದಿದ್ದಾನೆ. ಚುಚ್ಚಿದರೆ ಹೆಣ ಏಳುತ್ತದೆ. ಎದ್ದದ್ದು ಹಿಂದಿನ ಮನುಷ್ಯನಾಗಿರುವುದಿಲ್ಲ, ಅಷ್ಟೇ. ಅವನ ಗೆಳೆಯ ಡಾನ್. ಡಾನ್ ಪ್ರೀತಿಸಿದ ಮೆಗ್ ಮೊದಲ ಭಾಗದಲ್ಲೇ ಸತ್ತಿದ್ದಾಳೆ. ಎರಡನೆಯ ಭಾಗದಲ್ಲಿ ಇಬ್ಬರೂ ಸ್ಮಶಾನಕ್ಕೆ ಅಂಟಿಕೊಂಡ ಮನೆಯಲ್ಲಿದ್ದಾರೆ (ಹರಿಶ್ಚಂದ್ರ ಘಾಟಿನ ಆಸುಪಾಸು ಬಾಡಿಗೆ ಮನೆ ಹುಡುಕಿದವರಿಗೆ ಅದರ ಲೆಕ್ಕಾಚಾರ ಅರ್ಥವಾಗುತ್ತದೆ). ಡಾನ್ ಬಿಟ್ಟುಹೋಗುವ ಮಾತೆತ್ತಿದಾಗ ವೆಸ್ಟ್ ಒಂದು ಆಮಿಷ ಒಡ್ಡುತ್ತಾನೆ: ಮೆಗ್‌ಳ ಹೃದಯ ನನ್ನ ಬಳಿ ಇದೆ, ಅದರ ಸುತ್ತ ಒಂದು ಹೆಣ್ಣನ್ನು ಕಟ್ಟೋಣ. ಬೇರೆ ಬೇರೆ ಹೆಣಗಳಿಂದ ಅಂಗಾಂಗ ತಂದು ಕಟ್ಟುತ್ತಾರೆ. ಎದ್ದವಳು ಡಾನ್‌ನನ್ನು ಬಯಸುತ್ತಾಳೆ, ಅವನು ಒಲ್ಲೆ ಎನ್ನುತ್ತಾನೆ. ಆಗ ಅವಳು ತನ್ನ ಎದೆಯನ್ನು ತಾನೇ ಬಗೆದು ಆ ಹೃದಯವನ್ನು ಕಿತ್ತು ತೆಗೆಯುತ್ತಾಳೆ, ಮೈಯೆಲ್ಲ ಕಳಚಿ ಬೀಳುತ್ತದೆ.

ಇಲ್ಲಿ ನಾವು ನಗುವುದು ಅವಳನ್ನು ನೋಡಿ ಅಲ್ಲ. ಆ ಘಟ್ಟಕ್ಕೆ ಬರುವ ಹೊತ್ತಿಗೆ ನಗು ಗಂಟಲಲ್ಲೇ ನಿಂತಿರುತ್ತದೆ. ನಗುವುದು ವೆಸ್ಟ್‌ನನ್ನು ನೋಡಿ. ಜೆಫ್ರಿ ಕೂಂಬ್ಸ್ ಆ ಪಾತ್ರ ಮಾಡಿರುವ ರೀತಿ ನೋಡಬೇಕು: ಸುತ್ತ ಕೈಕಾಲುಗಳು ಹರಿದಾಡುತ್ತಿದ್ದರೂ ಕಡತ ಸಿಗದ ಹೆಡ್ ಗುಮಾಸ್ತರಂತೆ ಸಿಡಿಮಿಡಿಗೊಳ್ಳುತ್ತಾನೆಯೇ ಹೊರತು ಹೆದರುವುದಿಲ್ಲ. ಸಾವು ಅವನಿಗೆ ಇನ್ನೂ ಇತ್ಯರ್ಥವಾಗದ ಒಂದು ಅರ್ಜಿ.

ಮೂರು ಕಾಸಿನದು ಎಂದಿರಿ. ಒಪ್ಪುತ್ತೇನೆ. ಮೊದಲ ಚಿತ್ರಕ್ಕೆ ಹತ್ತು ಲಕ್ಷ ಡಾಲರ್ ಕೂಡ ಖರ್ಚಾಗಿಲ್ಲ. ಆ ಹಸಿರು ಸಂಜೀವಿನಿ ಏನೆಂದುಕೊಂಡಿರಿ? ಬಗ್ಗಿಸಿ ಲಟಕ್ಕೆನಿಸಿದರೆ ಹೊಳೆಯುವ ಪ್ಲಾಸ್ಟಿಕ್ ಕಡ್ಡಿ ಇರುತ್ತದಲ್ಲ, ಈಗ ಜಾತ್ರೆಗಳಲ್ಲಿ ಮಕ್ಕಳ ಕೈಗೆ ಬಳೆ ಮಾಡಿ ತೊಡಿಸುತ್ತಾರೆ, ಅದರೊಳಗಿನ ರಸ. ಎರಡನೆಯ ಭಾಗದಲ್ಲಿ ಬೆರಳುಗಳಿಗೆ ಒಂದು ಕಣ್ಣುಗುಡ್ಡೆ ಜೋಡಿಸಿದ ಜೀವಿಯೊಂದಿದೆ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ, ಒಂದು ಚಿತ್ರ ತೆಗೆದು, ಮತ್ತೆ ಸರಿಸಿ ಅದನ್ನು ಓಡಾಡಿಸಿದ್ದಾರೆ. ಕತ್ತರಿಸಿದ ತಲೆಯೊಂದಕ್ಕೆ ಬಾವಲಿಯ ರೆಕ್ಕೆ ಹೊಲಿದು ಹಾರಿಸಿದ್ದಾರೆ. ಗೋಂದಿನ ವಾಸನೆ ಪರದೆಯಿಂದ ಈಚೆಗೂ ಬರುತ್ತದೆ. ಬರಬೇಕು. ಹೆಣ ನಿಜವಾದ ಹೆಣದಂತೆಯೇ ಕಂಡಿದ್ದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಇದನ್ನು ನಾನು ಕಲಿತದ್ದು ಸಿನಿಮಾದಿಂದಲ್ಲ. ನಾನು ಶ್ರೀರಾಮಪುರದಲ್ಲಿ ಆರನೆಯ ತರಗತಿ ಓದುತ್ತಿದ್ದಾಗ ಗಣೇಶನ ಪೆಂಡಾಲಿನಲ್ಲಿ ಬೀದಿಯವರೇ ಸೇರಿ ದುಶ್ಶಾಸನ ವಧೆ ಆಡಿದರು. ಅರಿಶಿನಕ್ಕೆ ಸುಣ್ಣ ಕದಡಿದರೆ ನೀರು ಕೆಂಪಗಾಗುತ್ತದೆ, ಆರತಿಗೆ ಮಾಡುವ ಓಕುಳಿ. ಅದನ್ನೇ ಬಲೂನಿಗೆ ತುಂಬಿ ದುಶ್ಶಾಸನನ ಅಂಗಿಯೊಳಗೆ ಇಟ್ಟಿದ್ದರು. ಭೀಮ ಗುದ್ದಿದ, ಬಲೂನು ಒಡೆಯಿತು, ನೆತ್ತರು ಮುಂದಿನ ಸಾಲಿನವರೆಗೂ ಚಿಮ್ಮಿತು. ದುಶ್ಶಾಸನ ಸತ್ತ. ದ್ರೌಪದಿ, ಅಂದರೆ ಸೈಕಲ್ ಅಂಗಡಿಯ ಯಜಮಾನರು, ಮುಡಿಗೆ ನೆತ್ತರು ಸವರಿಕೊಳ್ಳಲು ಬಗ್ಗಿದರು. ಸುಣ್ಣದ ಘಾಟಿಗೋ ಲೋಬಾನದ ಹೊಗೆಗೋ ಹೆಣ ಸೀನಿತು. ದ್ರೌಪದಿ ಬೆಚ್ಚಿ ಹಾರಿದ ರಭಸಕ್ಕೆ ಚೌರಿ ಕಳಚಿ ಹೆಣದ ಮುಖದ ಮೇಲೆ ಬಿತ್ತು. ಭೀಮನಿಗೆ ಮಾತು ತೋಚಲಿಲ್ಲ. “ಇನ್ನೂ ಸತ್ತಿಲ್ಲವೇನೋ ಪಾಪಿ!” ಎಂದು ಗದೆ ಎತ್ತಿದ. ಚೌರಿಯ ಕೆಳಗಿನಿಂದ ದನಿ ಬಂತು: “ಸತ್ತೆನಣ್ಣ, ಸತ್ತೆ!”

ಆ ವರ್ಷ ನಮ್ಮ ಮನೆಯಲ್ಲಿ ಹಬ್ಬವಿರಲಿಲ್ಲ. ಚಿಕ್ಕಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ಅಜ್ಜಿ ಹೊಸಿಲು ದಾಟಿ ಬರುತ್ತಿರಲಿಲ್ಲ, ಆದರೆ ಪೆಂಡಾಲು ನಮ್ಮ ಕಿಟಕಿಯ ಎದುರಿಗೇ ಇತ್ತು. ತಿರುಗಿ ನೋಡಿದರೆ ಅಜ್ಜಿ ಕಿಟಕಿಯ ಸರಳು ಹಿಡಿದು, ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಮಗ ಸತ್ತ ಮೇಲೆ ಅವರು ನಕ್ಕದ್ದು ಅಂದೇ. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ, ಅದೂ ನೆನಪಿದೆ.

ನಮ್ಮ ಸಂಸ್ಕೃತಿಯಲ್ಲಿ ಜಾಗವಿಲ್ಲ ಎಂಬ ಮಾತಿಗೆ ಬರುತ್ತೇನೆ. ಮೇಷ್ಟ್ರೇ, ಕಚನ ಕಥೆಯನ್ನು ತಾವೇ ಎಷ್ಟು ವರ್ಷ ಪಾಠ ಮಾಡಿರಬೇಕು! ಮೃತಸಂಜೀವಿನಿ ಕಲಿಯಲು ಬಂದ ಹುಡುಗನನ್ನು ಅಸುರರು ಒಮ್ಮೆ ಕತ್ತರಿಸಿ ತೋಳಗಳಿಗೆ ಹಾಕುತ್ತಾರೆ, ಶುಕ್ರಾಚಾರ್ಯರು ಬದುಕಿಸುತ್ತಾರೆ. ಇನ್ನೊಮ್ಮೆ ಅರೆದು ಸಮುದ್ರಕ್ಕೆ ಕದಡುತ್ತಾರೆ, ಮತ್ತೆ ಬದುಕಿಸುತ್ತಾರೆ. ಮೂರನೆಯ ಸಲ ಸುಟ್ಟು ಬೂದಿಯನ್ನು ಹೆಂಡದಲ್ಲಿ ಕಲಸಿ ಗುರುಗಳಿಗೇ ಕುಡಿಸುತ್ತಾರೆ. ದೇವಯಾನಿ ಅಳುತ್ತಾಳೆ, ಗುರುಗಳು ಕರೆಯುತ್ತಾರೆ, ಶಿಷ್ಯ ಅವರ ಹೊಟ್ಟೆಯೊಳಗಿಂದಲೇ ವಿನಯವಾಗಿ ಓಗೊಡುತ್ತಾನೆ. ಹೊಟ್ಟೆ ಸೀಳಿ ಹೊರಬಂದು, ಸತ್ತುಬಿದ್ದ ಗುರುವನ್ನು ಆಗಷ್ಟೇ ಕಲಿತ ಮಂತ್ರದಿಂದ ಎಬ್ಬಿಸುತ್ತಾನೆ. ಮಹಾಭಾರತದ ಆದಿಪರ್ವ ಇದು. ಯುಜ್ನಾ ಕೂಡ ಇಷ್ಟು ದೂರ ಹೋಗಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ ಪದ್ಮಿನಿ ಗಡಿಬಿಡಿಯಲ್ಲಿ ಗಂಡನ ತಲೆಯನ್ನು ಗೆಳೆಯನ ಮುಂಡಕ್ಕೆ ಇಡುವಾಗ, ವರ ಕೊಡಬೇಕಾದ ಕಾಳಿ ಆಕಳಿಸುತ್ತಿರುತ್ತಾಳೆ. ಕಲಾಕ್ಷೇತ್ರದಲ್ಲಿ ಅದನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ.

ಎರಡನೆಯ ಭಾಗಗಳ ಬಗ್ಗೆ ತಮ್ಮ ತಕರಾರು ನನ್ನದೂ ಹೌದು. ನಮ್ಮ ಊರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ಕಾಲವಿತ್ತು. ಅದನ್ನು ಆಹ್ವಾನವೆಂದೇ ನಂಬಿ ಮರುದಿನ ಬಂದು ನಿಲ್ಲುವ ದೆವ್ವಗಳು ಈ ಎರಡನೆಯ ಭಾಗಗಳು. ಆದರೆ ವೆಸ್ಟ್‌ನ ಹುಟ್ಟೇ ಕಂತಿನಲ್ಲಾದದ್ದು. ಅಮೆರಿಕದ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ 1921–22ರಲ್ಲಿ ಒಂದು ಸಣ್ಣ ಪತ್ರಿಕೆಗೆ ಆರು ಕಂತುಗಳಲ್ಲಿ ಬರೆದ ಕಥೆ ಇದು, ಕಂತಿಗೆ ಐದು ಡಾಲರ್ ಸಂಭಾವನೆ. ಪ್ರತಿ ಕಂತಿನ ಮೊದಲಲ್ಲೂ ಹಿಂದಿನ ಕಥೆ ಹೇಳಬೇಕಾದ ಕರ್ಮಕ್ಕೆ ಆತ ಗೊಣಗಿಕೊಂಡಿದ್ದರು. ಸಂಪಾದಕನಾಗಿ ನನಗೆ ಆ ಗೊಣಗಾಟ ಚೆನ್ನಾಗಿ ಪರಿಚಿತ, ಸಂಭಾವನೆಯ ಮೊತ್ತವೂ.

ಇನ್ನು ಆ ಹೃದಯದ ವಿಷಯ. ಮೈಯಿಂದ ತೆಗೆದ ಹೃದಯ ನಾಲ್ಕು ಗಂಟೆಯ ಆಸುಪಾಸಿನಲ್ಲಿ ಇನ್ನೊಂದು ಎದೆ ಸೇರಬೇಕು. ಅದಕ್ಕೇ ಒಮ್ಮೊಮ್ಮೆ ಸಂಚಾರ ಪೊಲೀಸರು ಸಿಗ್ನಲ್‌ಗಳನ್ನೆಲ್ಲ ತೆರವು ಮಾಡಿ ಆಂಬುಲೆನ್ಸಿಗೆ ದಾರಿ ಬಿಡಿಸುವುದು. ಹೆಬ್ಬಾಳದಲ್ಲಿ ಹಾಗೆ ಒಮ್ಮೆ ನನ್ನ ಬಸ್ಸೂ ನಿಂತಿತ್ತು. ಎಂದೂ ಸುಮ್ಮನಿರದ ಹಾರನ್ನುಗಳು ಅಂದು ಸುಮ್ಮನಿದ್ದವು. ಆ ಹೃದಯ ಹೋದದ್ದು ಯಾವುದೋ ಅಪರಿಚಿತರ ಎದೆಗೆ. ಡಾನ್‌ಗೆ ಮಾತ್ರ ಅದು ತನ್ನವಳಾಗಿಯೇ ಹಿಂದಿರುಗಬೇಕಿತ್ತು. ಅವನನ್ನು ಮೂರ್ಖ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿಯ ಪೆಟ್ಟಿಗೆಯಲ್ಲಿ ಚಿಕ್ಕಪ್ಪನ ಕನ್ನಡಕ ಕೊನೆಯವರೆಗೂ ಇತ್ತು.

ಒಂದು ಮಾತಿನಲ್ಲಿ ತಾವು ಪೂರ್ತಿ ಸರಿ. ಆ ಹೊಲಿದ ಮೈಯ ಚಿತ್ರವನ್ನು ಪುಟದ ಅರ್ಧಕ್ಕೆ ಹಿಗ್ಗಿಸಿ ಹಾಕಬಾರದಿತ್ತು. ಮನೆಗೆ ಬರುವ ಪತ್ರಿಕೆ, ಯಾರ ಕೈಗೆ ಯಾವ ದಿನ ಸಿಗುತ್ತದೋ ನಮಗೆ ತಿಳಿಯದು. ಹಾಗೆ ಹಾಕಿಸಿದವನು ನಾನೇ, ಪುಟ ವಿನ್ಯಾಸ ಮಾಡಿದ ಹುಡುಗನಲ್ಲ.

ತಮ್ಮ ಪತ್ರವನ್ನು ಚಂದಾ ವಿಭಾಗಕ್ಕೆ ಕೊಟ್ಟಿದ್ದೆ. ‘ಇನ್ನು ಬೇಡ’ ಎಂದರೆ ಪತ್ರಿಕೆ ಬೇಡವೆಂದೋ, ವಿಳಾಸದ ಚೀಟಿಯಲ್ಲಿ ಆ ಹೆಸರು ಬೇಡವೆಂದೋ ಎಂದು ಅವರು ಕೇಳಿದರು. ಚಂದಾ ಇನ್ನೂ ಐದು ತಿಂಗಳಿದೆಯಂತೆ. ಮಾಘ ಕಳೆದ ಮೇಲೆಯೇ ನವೀಕರಿಸಿದ್ದೀರಿ, ಅದೇ ಹೆಸರಿನಲ್ಲಿ. ತಮ್ಮಿಂದ ಇನ್ನೊಂದು ಸಾಲು ಬರುವವರೆಗೆ ಚೀಟಿ ಹಾಗೆಯೇ ಇರಲಿ ಎಂದು ಹೇಳಿದ್ದೇನೆ.

— ಸಂಪಾದಕ