ಪೇಪರ್ ಆಮೇಲೆ, ಮೊದ್ಲು ಅಪ್ರನ್ ಬಿಚ್ಚಿ ನೋಡಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರ್ ಮಾಡ್ಕೋಬೇಡಿ, ನಮ್ಮನೇಲೂ ಇದೇ ಕಥೆ. ನಿಮ್ಮ ಮುತ್ತಾತ ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿ ಆಫೀಸಲ್ಲಿ ಗುಮಾಸ್ತರು, ಟ್ರಂಕಲ್ಲಿ ನೀಲಿ ಅಂಚಿನ ಬಿಳಿ ಅಪ್ರನ್ನು, ಒಂದು ಪದಕ ಸಿಕ್ಕಿದೆ, ಫ್ರೀಮೇಸನ್ (ಗುಟ್ಟಿನ ಆಚರಣೆಗಳಿರೋ ಒಂದು ಸಹೋದರ ಸಂಘದ ಸದಸ್ಯ) ಆಗಿದ್ರು ಅಂತ ಮನೇಲಿ ಹೇಳ್ತಾರೆ, ಹಳೇ ಪೇಪರಲ್ಲಿ ಎಷ್ಟು ಹುಡುಕಿದ್ರೂ ಅವರ ಹೆಸರೇ ಇಲ್ಲ, ಅಷ್ಟೇ ತಾನೆ?

ನಮ್ಮಲ್ಲಿ ಅದು ಅಜ್ಜಿಯ ಅಣ್ಣ, ಉರಿಗಾಂನಲ್ಲಿ ಕೆಲಸ, ಮನೆ ಬಂಗಾರಪೇಟೆ. ತಿಂಗಳಿಗೊಂದು ಸಲ ಕೋಟು ಹಾಕ್ಕೊಂಡು "ಲಾಡ್ಜಿಗೆ ಹೋಗ್ಬರ್ತೀನಿ" ಅಂತ ಹೊರಡೋರಂತೆ, ಮೇಸನ್‌ಗಳ ಸ್ಥಳೀಯ ಶಾಖೆಗೆ ಲಾಡ್ಜ್ ಅಂತಾರೆ, ಪಾಪ ಅವರ ಹೆಂಡ್ತಿ ಅದನ್ನ ರೂಮ್ ಬಾಡಿಗೆಗೆ ಕೊಡೋ ಲಾಡ್ಜ್ ಅಂದ್ಕೊಂಡು ಎಷ್ಟು ವರ್ಷ ಜಗಳ ಆಡಿದಾರೋ ದೇವರಿಗೇ ಗೊತ್ತು. ನಾನು ಒಂದು ವರ್ಷ ಪೂರ್ತಿ ಅವರ ಹೆಸರನ್ನೇ ಟೈಪ್ ಮಾಡಿ ಮಾಡಿ ಹುಡುಕಿದೆ. ಸೊನ್ನೆ. ತಪ್ಪು ಎಲ್ಲಿ ಅಂದ್ರೆ, ಹೆಸರಿಂದ ಶುರು ಮಾಡಿದ್ದೇ ತಪ್ಪು.

ಅಪ್ರನ್ ತೆಗೆದು ಹಾಸಿ ನೋಡಿ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್, ಅಂದ್ರೆ ಲಾಡ್ಜ್‌ಗಳ ಮೇಲಿನ ಕೇಂದ್ರ ಸಂಸ್ಥೆ, ಅದರ ಕೆಳಗಿದ್ದ ಲಾಡ್ಜ್‌ಗಳಲ್ಲಿ ಹೊಸದಾಗಿ ಸೇರಿದವರದ್ದು ಬರೀ ಬಿಳಿ, ಎರಡನೇ ಮೆಟ್ಟಿಲಿಗೆ ಎರಡು ನೀಲಿ ಬಟ್ಟೆ ಹೂವು, ಮೂರನೇದಕ್ಕೆ ಅಂದ್ರೆ ಮಾಸ್ಟರ್ ಮೇಸನ್ ಆದ್ಮೇಲೆ ಮೂರು ಹೂವು ಮತ್ತೆ ತಿಳಿ ನೀಲಿ ಅಂಚು. ಹೂವಿನ ಜಾಗದಲ್ಲಿ ಇಂಗ್ಲಿಷ್ ಟಿ ಅಕ್ಷರ ತಲೆಕೆಳಗೆ ಮಾಡಿದ ಹಾಗೆ ಬೆಳ್ಳಿ ಬಣ್ಣದ ಮೂರು ತಗಡು ಇದ್ರೆ ಅವರು ಲಾಡ್ಜಿಗೇ ಮಾಸ್ಟರ್, ಅಂದ್ರೆ ಅದರ ಮುಖ್ಯಸ್ಥ ಆಗಿದ್ದವರು ಅಂತ ಲೆಕ್ಕ. ಪದಕದಲ್ಲಿ ಮೂಲೆಮಟ್ಟದಿಂದ ಪೈಥಾಗೊರಸ್ ಪ್ರಮೇಯದ ಚಿತ್ರ ನೇತಾಡ್ತಿದ್ರೆ, ಹೈಸ್ಕೂಲಲ್ಲಿ ಬಿಡಿಸ್ತಿದ್ವಲ್ಲ ಅದೇ, ಅದು ಮಾಜಿ ಮಾಸ್ಟರ್‌ಗೆ ಕೊಡೋದು. ಅಂಚು ಹಸಿರೋ ಕೆಂಪೋ ಇದ್ರೆ ಸ್ಕಾಟ್ಲೆಂಡಿನ ಶಾಖೆ ಇರಬಹುದು, ಅಲ್ಲಿ ಒಂದೊಂದು ಲಾಡ್ಜಿಗೂ ಅದರದ್ದೇ ಬಣ್ಣ. ಎಂಟು ಮೊನೆಯ ಶಿಲುಬೆ ಮಾತ್ರ ಇದ್ರೆ ಅದು ಮೇಸನ್ನೇ ಅಲ್ಲದೇ ಇರಬಹುದು, ಸೇಂಟ್ ಜಾನ್ ಆಂಬುಲೆನ್ಸ್‌ನ ಗುರುತೂ ಅದೇ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಅಪ್ರನ್ ಮೇಲೆ ಆ ಟಿ ತಗಡು ಇತ್ತು. ಮಾಸ್ಟರ್ ಬದಲಾಗೋದು ವರ್ಷಕ್ಕೊಂದು ಸಲ, ಅದನ್ನ ಇನ್‌ಸ್ಟಲೇಶನ್ ಅಂತಾರೆ, ಆಗಿನ ಇಂಗ್ಲಿಷ್ ಪೇಪರ್‌ಗಳು ಇದನ್ನ ಹಾಕೋವು. ಗುಟ್ಟಿನ ಸಂಘ ಅಂತೀವಿ, ಆದ್ರೆ ಹೊಸ ಮಾಸ್ಟರ್ ಯಾರು, ವಾರ್ಡನ್, ಖಜಾಂಚಿ, ಕಾರ್ಯದರ್ಶಿ ಯಾರು, ಕೊನೆಗೆ ಬಾಗಿಲು ಕಾಯೋ ಟೈಲರ್ ಯಾರು, ಎಲ್ಲ ಪೇಪರಲ್ಲಿ ಬರೋದು. ಹಾಗಾಗಿ ನಿಮ್ಮವರು ಮಾಸ್ಟರ್ ಆಗದಿದ್ರೂ ಆ ಪಟ್ಟಿಯಲ್ಲಿ ಎಲ್ಲೋ ಇರಬಹುದು. ಹುಡುಕಬೇಕಾದ ಪದ ಲಾಡ್ಜಿನ ಹೆಸರು, ನಂಬರು, ಇನ್‌ಸ್ಟಲೇಶನ್, ಮತ್ತೆ ಹೆಸರಿನ ಮುಂದೆ ಬರೋ 'ಬ್ರೋ.' (ಬ್ರದರ್) ಅನ್ನೋದು.

ನಂಬರ್ ಪದಕದ ಹಿಂದೆ ಇರಬಹುದು. ಅದನ್ನ ಹಿಡ್ಕೊಂಡು ಲೇನ್ಸ್ ಮೇಸಾನಿಕ್ ರೆಕಾರ್ಡ್ಸ್ ಅಂತ ಲಾಡ್ಜ್‌ಗಳ ಪಟ್ಟಿ ಆನ್‌ಲೈನಲ್ಲಿ ಫ್ರೀಯಾಗಿದೆ, ಅಲ್ಲಿ ನೋಡಿ. ಇನ್ನೊಂದು ಗೊಂದಲ, 1961ರಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆದ್ಮೇಲೆ ಅದಕ್ಕೆ ಸೇರಿದ ಲಾಡ್ಜ್‌ಗಳಿಗೆ ಹೊಸ ನಂಬರ್ ಬಂತು, ಒಂದೇ ಲಾಡ್ಜಿಗೆ ಎರಡು ನಂಬರ್, ನಾನು ಎರಡು ಬೇರೆ ಲಾಡ್ಜು ಅಂದ್ಕೊಂಡು ಒಂದು ತಿಂಗಳು ದಂಡ ಮಾಡ್ದೆ. ಇಂಗ್ಲೆಂಡ್ ಗ್ರ್ಯಾಂಡ್ ಲಾಡ್ಜಿನ ಸದಸ್ಯರ ರಿಜಿಸ್ಟರ್ 1921ರ ವರೆಗೆ ವಂಶಾವಳಿ ಹುಡುಕೋ ಆನ್ಸೆಸ್ಟ್ರಿ ಸೈಟಲ್ಲಿದೆ, ದುಡ್ಡು ಕೊಡ್ಬೇಕು, ವಯಸ್ಸು, ಕೆಲಸ, ಲಾಡ್ಜಿಗೆ ಸೇರಿದ ದಿನ ಎಲ್ಲ ಇರುತ್ತೆ. ನಮ್ಮೋರು ಸೇರಿದ್ದು ಆಮೇಲೆ, ಉಪಯೋಗ ಆಗ್ಲಿಲ್ಲ.

ಕೆಜಿಎಫ್ ಮೈಸೂರು ಸಂಸ್ಥಾನದಲ್ಲಿದ್ರೂ ಮೇಸನ್ ವಿಷಯಕ್ಕೆ ಈ ಕಡೆಯವರ ಮುಖ ಮದ್ರಾಸಿನ ಕಡೆಗೇ. ಅದಕ್ಕೇ ಬೆಂಗಳೂರು ಪೇಪರ್ ಬಿಟ್ಟು ಮದ್ರಾಸ್ ಮೇಲ್, ಹಿಂದೂ ನೋಡಿ. ಡೆಕ್ಕನ್ ಹೆರಾಲ್ಡ್, ಪ್ರಜಾವಾಣಿ ಎರಡೂ ಶುರುವಾಗಿದ್ದೇ 1948ರಲ್ಲಿ, ಅದಕ್ಕಿಂತ ಹಳೇದು ಅಲ್ಲಿ ಸಿಗಲ್ಲ.

ಈಗ ಸ್ಪೆಲಿಂಗ್. ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ಉರಿಗಾಂನ 'ಊರ್‌ಗಾಮ್' ಅಂತ ಎರಡು ಓ ಹಾಕಿ ಬರೆಯೋರು. ರಾವ್ ಅನ್ನೋದು ಆರ್ ಓ ಡಬ್ಲ್ಯೂ, ನಾಯ್ಡು ಕೊನೇಲಿ ಎರಡು ಓ, ಮೊದಲಿಯಾರ್‌ಗಂತೂ ಲೆಕ್ಕವೇ ಇಲ್ಲ. ಜೊತೆಗೆ ಸ್ಕ್ಯಾನ್ ಮಾಡಿದ ಕಂಪ್ಯೂಟರ್ ಮಸಿ ಹರಡಿದ ಅಕ್ಷರನ ತಪ್ಪಾಗಿ ಓದಿರುತ್ತೆ.

ಕೊನೆಗೆ ನಮ್ಮೋರು ಸಿಕ್ಕಿದ್ದು ಚೆನ್ನೈನ ಒಂದು ಲೈಬ್ರರಿಯ ಮೈಕ್ರೋಫಿಲ್ಮಲ್ಲಿ, ಎರಡು ಸಲ ಮೆಷಿನ್ ಕೆಟ್ಟಿದೆ ಅಂತ ವಾಪಸ್ ಕಳ್ಸಿದ್ರು, ಮೂರನೇ ಸಲ ಬೆಳಗ್ಗಿಂದ ಸಂಜೆವರೆಗೂ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಕಣ್ಣು ಉರಿ. ಏಳೆಂಟು ಸಾಲಿನ ಸುದ್ದಿ, ಇನಿಷಿಯಲ್ ತಪ್ಪು, ರಾವ್ ಹೋಗಿ ರೋ ಆಗಿದೆ. ಊಟದ ಮೇಲೆ ಹೊಸ ಮಾಸ್ಟರ್ ದೀರ್ಘ ಭಾಷಣ ಮಾಡಿದ್ರು ಅಂತ ಬರೆದಿದಾರೆ, ಮನೇಲಿ ಮಾತಾಡಿದ್ದನ್ನೇ ಯಾರೂ ಕೇಳಿಲ್ಲ ಆ ಮನುಷ್ಯ! ಅಜ್ಜಿಗೆ ಓದಿ ಹೇಳಿದ್ರೆ ನಂಬ್ಲೇ ಇಲ್ಲ, "ಅದು ಬೇರೆ ಯಾರೋ ಕಣೋ" ಅಂದ್ರು.

ನಿಮ್ಮ ಪದಕದ ಹಿಂಭಾಗದಲ್ಲಿ ಏನು ಕೆತ್ತಿದೆ ಅಂತ ಇಲ್ಲೇ ಬರೀರಿ, ನೋಡೋಣ. ದಯವಿಟ್ಟು ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ನಮ್ಮಲ್ಲಿ ಪ್ರತಿ ಹಬ್ಬಕ್ಕೂ ದೇವರ ಸಾಮಾನಿನ ಜೊತೆ ಅದನ್ನೂ ಉಜ್ಜಿ ಉಜ್ಜಿ ಇಟ್ಟು, ನಂಬರಿನ ಕೊನೇ ಎರಡಂಕಿ ಸವೆದೇ ಹೋಗಿತ್ತು.