ಬೆಳವ (ಪಾರಿವಾಳದ ಜಾತಿಯ ಸಣ್ಣ ಹಕ್ಕಿ) ಮೊಟ್ಟೆಯಿಟ್ಟ ಕುಂಡವನ್ನು ನೆರಳಿಗೆ ಸರಿಸಬಹುದೇ?

ಸರಿಸಬೇಡಿ, ಒಂದು ಅಡಿಯಷ್ಟೂ ಸರಿಸಬೇಡಿ. ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಮೇಲೆ ಬಿಸಿಲು ನೇರವಾಗಿ ಬೀಳುವ ಬಾಲ್ಕನಿಯ ಕಟ್ಟೆಯ ಮೇಲಿದ್ದ ಮಲ್ಲಿಗೆಯ ಕುಂಡದಲ್ಲಿ ಇದೇ ಹಕ್ಕಿ ಗೂಡು ಮಾಡಿತ್ತು. ಗೂಡೆಂದರೆ ಒಣಕಡ್ಡಿಗಳನ್ನು ಅಡ್ಡಾದಿಡ್ಡಿ ಹರವಿದ ತೆಳುವಾದ ಹಾಸು ಅಷ್ಟೆ. ಸಂದಿಗಳಲ್ಲಿ ಕುಂಡದ ಮಣ್ಣು ಕಾಣುತ್ತಿತ್ತು, ಮೇಲೆ ಎರಡು ಬಿಳಿಯ ಮೊಟ್ಟೆಗಳಿದ್ದವು.

ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಕೊಕ್ಕು ತೆರೆದು ಕುಳಿತ ಹಕ್ಕಿಯನ್ನು ನೋಡಲಾಗದೆ, ಅದು ಎದ್ದುಹೋದ ಹೊತ್ತು ನೋಡಿ ಕುಂಡವನ್ನು ಅದೇ ಬಾಲ್ಕನಿಯ ನೆರಳಿನ ಮೂಲೆಗೆ ಸರಿಸಿದೆ. ಮೊಟ್ಟೆ ಉರುಳಲಿಲ್ಲ, ಒಂದು ಕಡ್ಡಿಯೂ ಅಲುಗಲಿಲ್ಲ, ಕುಂಡ ಕಣ್ಣಳತೆಯಲ್ಲಿಯೇ ಇತ್ತು. ಹಕ್ಕಿ ಮರಳಿ ಬಂದು, ಕಟ್ಟೆಯ ಮೇಲೆ ಕುಂಡದ ತಳ ಉಳಿಸಿದ್ದ ದುಂಡನೆಯ ಹಸಿಕಲೆಯ ಮೇಲೆಯೇ ಇಳಿಯಿತು. ಅಲ್ಲಿಯೇ ಸುತ್ತಿ, ಹಾರಿ, ಮತ್ತೆ ಅಲ್ಲಿಗೇ ಬಂದಿತು. ಪಕ್ಕದ ಮೂಲೆಯತ್ತ ಒಮ್ಮೆಯೂ ಹೋಗಲಿಲ್ಲ. ಹಕ್ಕಿ ನೆನಪಿಟ್ಟುಕೊಳ್ಳುವುದು ಕುಂಡವನ್ನಲ್ಲ, ಜಾಗವನ್ನು: ಯಾವ ಕಡೆಯಿಂದ ಬರಬೇಕು, ಯಾವ ಸರಳಿನ ಪಕ್ಕ ಇಳಿಯಬೇಕು ಎಂಬುದನ್ನು. ಆ ಜಾಗವನ್ನೇ ನಾನು ಅದರಿಂದ ಕಸಿದುಕೊಂಡಿದ್ದೆ. ನಾನು ಇದನ್ನು ಅರಿತು ಕುಂಡವನ್ನು ಮರಳಿ ಇಡುವಷ್ಟರಲ್ಲಿ ಕಾಗೆ ಎರಡೂ ಮೊಟ್ಟೆಗಳನ್ನು ಒಯ್ದಿತ್ತು. ಅದೇ ಕಾಗೆ ದಿನವೂ ಅದೇ ಕಟ್ಟೆಗೆ ಬರುತ್ತಿದ್ದರೂ ಅಲ್ಲಿಯವರೆಗೆ ಅವನ್ನು ಕಂಡಿರಲಿಲ್ಲ. ಬೆಳವದ ಮೈ ಮಣ್ಣಿನ ಬಣ್ಣದ್ದು. ಅದು ಮೇಲೆ ಕುಳಿತಿರುವವರೆಗೆ ಮೊಟ್ಟೆಯ ಬಿಳುಪು ಮುಚ್ಚಿರುತ್ತದೆ, ಎದ್ದ ಕ್ಷಣದಿಂದ ದೂರಕ್ಕೂ ಕಾಣುತ್ತದೆ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೊಡುವುದರಿಂದ ಮೊಟ್ಟೆ ಬರಿದಾಗಿ ಉಳಿಯುವುದೇ ಅಪರೂಪ.

ಆದ್ದರಿಂದ ಕುಂಡವನ್ನು ಎಲ್ಲಿಗೆ ಸರಿಸಲಿ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ. ನೆರಳು ಬೇಕೆಂದರೆ ನೆರಳನ್ನೇ ಕುಂಡದ ಹತ್ತಿರ ತನ್ನಿ: ಬಿಸಿಲಿನ ಕಡೆಗೆ ಮಾತ್ರ, ಸ್ವಲ್ಪ ದೂರದಲ್ಲಿ ಹಸಿರು ನೆರಳು ಪರದೆ ಕಟ್ಟಿ, ಹಕ್ಕಿ ಹಾರಿ ಬರುವ ದಾರಿಯನ್ನು ತೆರೆದಿಡಿ, ಪರದೆ ಗಾಳಿಗೆ ಬಡಿಯದಂತೆ ಬಿಗಿಯಿರಿ. ಕಟ್ಟಿದ ಮೇಲೆ ಒಳಗೆ ಹೋಗಿ ದೂರದಿಂದ ನೋಡಿ. ಹಕ್ಕಿ ಮರಳಿ ಕೂರದಿದ್ದರೆ ತಡಮಾಡದೆ ಬಿಚ್ಚಿ. ಗಿಡಕ್ಕೆ ನೀರನ್ನು ಕುಂಡದ ಅಂಚಿನಲ್ಲಿ ಸಣ್ಣಗೆ, ಗೂಡಿನ ಅಡಿ ಒದ್ದೆಯಾಗದಂತೆ ಬಿಡಿ. ಹಕ್ಕಿ ಏಳುವಂತಿದ್ದರೆ ಆ ದಿನ ನೀರೂ ಬೇಡ. ಗಿಡ ಒಣಗಿದರೆ ಒಣಗಲಿ, ಮುಂದಿನ ಮಳೆಗಾಲಕ್ಕೆ ಇನ್ನೊಂದು ನೆಡಬಹುದು. ಅಕ್ಕಿ, ಅನ್ನವನ್ನು ಕುಂಡದ ಬಳಿ ಚೆಲ್ಲಬೇಡಿ, ಅದು ಕಾಗೆಯನ್ನು ಕರೆಯುತ್ತದೆ. ಮರಿಗಳಿಗೂ ಏನನ್ನೂ ತಿನ್ನಿಸಬೇಡಿ. ತಂದೆತಾಯಿಗಳ ಗಂಟಲಚೀಲದಲ್ಲಿ ಊರುವ ಹಾಲಿನಂತಹ ದ್ರವವೇ ಅವುಗಳ ಮೊದಲ ಆಹಾರ.

ಕಾನೂನೂ ಹಕ್ಕಿಯ ಪರವಾಗಿಯೇ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಲಿಸುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ.

ಮೊಟ್ಟೆ ಒಡೆಯಲು ಎರಡು ವಾರ, ಮರಿ ಹಾರಲು ಮತ್ತೆರಡು ವಾರ, ಒಟ್ಟು ತಿಂಗಳೊಪ್ಪತ್ತಿನ ಮಾತು. ಮರಿಗಳು ಹೋದ ಕೂಡಲೇ ಕುಂಡ ತೆಗೆಯಲು ಅವಸರಪಡಬೇಡಿ, ಬೆಳವ ಅದೇ ಗೂಡಿನಲ್ಲಿ ಮತ್ತೆ ಮೊಟ್ಟೆ ಇಡುವುದುಂಟು. ಬಗ್ಗಿ ನೋಡಿ, ಗೂಡು ಬರಿದಾಗಿದ್ದರೆ ಆಗ ಕುಂಡವನ್ನು ಬೇಕಾದಲ್ಲಿಗೆ ಒಯ್ಯಿರಿ.